ಐಎಸ್‌ಐ ಚೀಟಿ ಅಂಟಿಸಿದ ಹೆಲ್ಮೆಟ್

ಬಂಕಾಪುರದ ಹೆದ್ದಾರಿ ಬದಿಯಲ್ಲಿ ಮಾವ ಹೆಲ್ಮೆಟ್ ಕೊಳ್ಳುವಾಗ ನಾನೂ ಜೊತೆಗಿದ್ದೆ. ಅದರ ಮೇಲೆ ಐಎಸ್‌ಐ ಗುರುತು ಕಾಣಲಿಲ್ಲ. ಕೇಳಿದ್ದಕ್ಕೆ ಮಾರುವವನು ಜೇಬಿನಿಂದ ಚೀಟಿಗಳ ಹಾಳೆ ತೆಗೆದು, "ಎಷ್ಟ್ ಬೇಕ್ರಿ?" ಎಂದು ನಕ್ಕು ಒಂದನ್ನು ಅಂಟಿಸಿಯೇಬಿಟ್ಟ.

"ಈಗ ಆತಲ್ಲ, ಸುಮ್ನ ನಡಿ," ಎಂದರು ಮಾವ.

ಶಿಗ್ಗಾಂವಿಯಲ್ಲಿ ಚಹಾಕ್ಕೆ ನಿಂತಾಗ ಹೆಲ್ಮೆಟ್ ಬೈಕಿನ ಸೀಟಿನಿಂದ ಜಾರಿ ಬಿದ್ದು ಕಲ್ಲಂಗಡಿಯಂತೆ ಎರಡು ಹೋಳಾಯಿತು. ಸೀಟಿನೆತ್ತರದಿಂದ ಬಿದ್ದರೇ ಉಳಿಯದ್ದು ಮಾವನ ತಲೆ ಕಾಯುತ್ತಿತ್ತಂತೆ! ಅವರಿಗೆ ನಾಚಿಕೆಯೂ ಆಗಲಿಲ್ಲ. "ಗೋಂದು ಹಚ್ಚಿದ್ರ ಪೊಲೀಸರಿಗೆ ತೋರ್ಸಾಕ ಸಾಕು," ಎನ್ನುತ್ತ ಹೋಳುಗಳನ್ನು ಆಯ್ದುಕೊಂಡರು.

"ಪೊಲೀಸರು ನಿಮ್ಮ ತಲಿ ಹೊಲದು ಕೊಡ್ತಾರೇನ್ರಿ?" ಎಂದೆ.

ಮರುದಿನ ಮಾವ ಗೋಂದು ಹಚ್ಚಿ ಅದನ್ನೇ ಹಾಕಿಕೊಂಡು ಹಾನಗಲ್ಲಿಗೆ ಹೊರಟರು. ಅತ್ತೆ ಬೈಕಿನ ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡು, "ಬಸ್ಸಿಗೆ ಹೋಗ್ರಿ," ಎಂದರು.