ಹದಿನೇಳನೆಯ ಮೈಕು

ನಮ್ಮವರ ಕೆಲಸ ಏನು ಎಂದು ಯಾರಾದರೂ ಕೇಳಿದರೆ ನಾನು ನೆಟ್ಟಗೆ ಹೇಳಿಬಿಡುತ್ತೇನೆ: ನಗರಸಭೆಯಲ್ಲಿ ದೊಡ್ಡವರ ಬಾಯಿ ತೆರೆಯುವುದು, ಮುಚ್ಚುವುದು. ಕೇಳಿದವರು ನಗುತ್ತಾರೆ. ಇವರಿಗೆ ಮಾತ್ರ ಮುಖ ಸಣ್ಣದಾಗುತ್ತದೆ. ಮೈಕ್ ಆಪರೇಟರ್ ಅನ್ನಲಿಕ್ಕೆ ನಿನಗೇನು ಧಾಡಿ ಎನ್ನುತ್ತಾರೆ. ಧಾಡಿ ಏನೂ ಇಲ್ಲ. ಇಪ್ಪತ್ತಾರು ವರ್ಷ ಒಂದೇ ಕುರ್ಚಿಯಲ್ಲಿ ಕೂತವರನ್ನು ಹೆಂಡತಿಯಾದವಳು ಅಷ್ಟಾದರೂ ಗೋಳು ಹೊಯ್ದುಕೊಳ್ಳದಿದ್ದರೆ ಹೇಗೆ?

ಮದುವೆಯಾದಾಗ ಇವರು ರೇಡಿಯೋ ರಿಪೇರಿ ಅಂಗಡಿಯಲ್ಲಿದ್ದರು. ಗಿರಾಕಿಗಳಿಗಿಂತ ರೇಡಿಯೋಗಳ ಜೊತೆಗೇ ಇವರ ಮಾತು ಜಾಸ್ತಿ. ಅಂಥವರಿಗೆ ನಗರಸಭೆಯಲ್ಲಿ ಕೆಲಸ ಸಿಕ್ಕಿತು ಎಂದಾಗ ನಮ್ಮಮ್ಮ, ಅಲ್ಲಿ ಬಾಯಿ ಇದ್ದವರು ಬದುಕುತ್ತಾರೆ, ಇವರೇನು ಮಾಡುತ್ತಾರೋ ಎಂದು ಪೇಚಾಡಿಕೊಂಡಿದ್ದರು. ಆದರೆ ಇವರ ಜಾಗ ಸಭೆಯೊಳಗಲ್ಲ. ಸಭಾಂಗಣದ ಹಿಂದೆ ಎಂಟು ಮೆಟ್ಟಿಲು ಹತ್ತಿದರೆ ಒಂದು ಗಾಜಿನ ಕೋಣೆ ಇದೆ. ಅಲ್ಲಿ ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕು. ಎದುರಿಗೊಂದು ಬೋರ್ಡು, ಅದರಲ್ಲಿ ನಲವತ್ತೆರಡು ಗುಂಡಿ, ಗುಂಡಿಗೊಂದು ಪುಟ್ಟ ಕೆಂಪು ದೀಪ. ಕೆಳಗೆ ಅಧ್ಯಕ್ಷರು ಯಾರನ್ನು ಕರೆಯುತ್ತಾರೋ ಅವರ ಗುಂಡಿ ಒತ್ತಬೇಕು, ಮಾತು ಮುಗಿದ ತಕ್ಷಣ ಮತ್ತೆ ಒತ್ತಬೇಕು. ಕೆಲಸ ಅಷ್ಟೇ.

ಹಾಗಾಗಿ ಇವರಿಗೆ ಸದಸ್ಯರೆಲ್ಲ ನಂಬರುಗಳೇ. ಮನೆಗೆ ಬಂದರೂ ಅದೇ ಭಾಷೆ. ಇವತ್ತು ಮೂವತ್ತೊಂದಕ್ಕೆ ಕೆಮ್ಮು, ನಾಲ್ಕು ನಿದ್ದೆ ಹೊಡೆಯಿತು, ಇಂಥದ್ದೇ. ಅಷ್ಟು ಬಿಟ್ಟರೆ ಒಳಗಿನ ಮಾತು ಒಂದೂ ಹೊರಗೆ ಬರುತ್ತಿರಲಿಲ್ಲ. ನಾನು ಹೊಲಿಗೆ ಮೆಷೀನಿನ ಮುಂದೆ ಕೂತು ಎಷ್ಟು ಕೆಣಕಿದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ.

ನನ್ನ ತಮ್ಮ ಇದಕ್ಕೆ ತದ್ವಿರುದ್ಧ. ಭಾನುವಾರ ಬಂದನೆಂದರೆ ಪೇಪರ್ ಹರಡಿಕೊಂಡು ಎಲ್ಲ ಪಕ್ಷದವರಿಗೂ ಮಂಗಳಾರತಿ. ಸತ್ತ ನಾಯಕರಿಗೆ ಬೇಕಾದರೆ ಕೈ ಮುಗಿಯುತ್ತಾನಂತೆ. ಬದುಕಿರುವ ರಾಜಕಾರಣಿಗಳಲ್ಲಿ ಗೌರವ ಕೊಡುವಂಥವರು ಒಬ್ಬರಿದ್ದರೆ ತೋರಿಸಿ ಭಾವ ಎಂದು ಒಂದು ದಿನ ಪಟ್ಟು ಹಿಡಿದ. ಇವರು ಕಾಫಿ ಲೋಟ ಕೆಳಗಿಟ್ಟು, ಇದ್ದಾರಪ್ಪ, ಬೇಕಾದಷ್ಟು ಜನ ಇದ್ದಾರೆ ಎಂದರು. ಇಪ್ಪತ್ತೆರಡು ಕಾಗದಪತ್ರ ಪೂರ್ತಿ ಓದಿಕೊಂಡು ಬರುತ್ತಾರಂತೆ. ಒಂಬತ್ತಕ್ಕೆ ಐದು ನಿಮಿಷ ಕೊಟ್ಟರೆ ನಾಲ್ಕೂವರೆಗೇ ಮುಗಿಸಿ ಕೂರುತ್ತಾರಂತೆ. ಎದುರು ಪಕ್ಷದ ಒಬ್ಬರು ತೊದಲುತ್ತಾರೆ. ಅವರು ಎದ್ದು ನಿಂತಾಗ ತನ್ನ ಕಡೆಯವರು ನಕ್ಕರೆ ಮೂವತ್ತೊಂದು ಹಿಂದಿರುಗಿ ಗದರುತ್ತಾರಂತೆ. ಇಷ್ಟಕ್ಕೆಲ್ಲ ಗೌರವ ಕೊಡಬೇಕೇ ಎಂದು ತಮ್ಮ ನಕ್ಕ. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಹದಿನೇಳು ಆ ಪಟ್ಟಿಯಲ್ಲಿ ಇರಲಿಲ್ಲ. ಆಯಮ್ಮ ಹೊಸಬರು, ಪಕ್ಷದವರು ಬರೆದುಕೊಟ್ಟಿದ್ದನ್ನು ಗಿಣಿಯ ಹಾಗೆ ಓದಿ ಕೂರುವವರು.

ಕಳೆದ ವರ್ಷ ಹೊಸ ಬೋರ್ಡು ಬಂತು. ಹಳೆಯದರಲ್ಲಿ ನಂಬರುಗಳು ಎಡದಿಂದ ಬಲಕ್ಕೆ ಸಾಲಾಗಿದ್ದವು, ಹೊಸದರಲ್ಲಿ ಮೇಲಿನಿಂದ ಕೆಳಕ್ಕೆ. ಹಳೆಯ ಹದಿನೇಳರ ಜಾಗದಲ್ಲಿ ಈಗ ಹದಿನೈದು ಕೂತಿತ್ತು. ಎರಡನೆಯ ಸಭೆಯಲ್ಲಿ ಹದಿನೇಳು ಎದ್ದು, ಗುಡ್ಡದ ಬಡಾವಣೆಗೆ ಹೋಗುವ ಬಸ್ಸನ್ನು ನಿಲ್ಲಿಸಬೇಕು, ಅದರಿಂದ ಯಾರಿಗೂ ಪ್ರಯೋಜನವಿಲ್ಲ ಎಂದು ಭರ್ಜರಿಯಾಗಿ ಓದಿದರು. ತೆರೆಯುವಾಗ ಇವರು ನೋಡಿಯೇ ಒತ್ತಿದ್ದರು. ಮುಚ್ಚುವಾಗ ಬೆರಳು ತಾನಾಗಿ ಹಳೆಯ ಜಾಗಕ್ಕೆ ಹೋಯಿತು. ಎರಡು ದೀಪ ಉರಿಯುತ್ತಿರುವುದು ಕಣ್ಣಿಗೆ ಬೀಳುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಯಮ್ಮ ಪಕ್ಕದವರಿಗೆ ಹೇಳಿದ್ದು ಇಡೀ ಸಭೆಗೆ ಕೇಳಿಸಿತು: "ಅವರು ಬರೆದುಕೊಟ್ಟರು, ನಾನು ಓದಿದೆ. ಆ ಬಡಾವಣೆ ಎಲ್ಲಿದೆ ಅಂತಾನೂ ನನಗೆ ಗೊತ್ತಿಲ್ಲ."

ಬಿದ್ದು ಬಿದ್ದು ನಕ್ಕರಂತೆ. ಮರುದಿನ ಪೇಪರಿನಲ್ಲೂ ಬಂತು. ಬಸ್ಸಿನ ತೀರ್ಮಾನ ಮುಂದಕ್ಕೆ ಹೋಯಿತು. ಆಯಮ್ಮನ ಪಕ್ಷದವರು ಮಾತ್ರ ಇವರ ಮೇಲೆ ತಿರುಗಿಬಿದ್ದರು. ಎದುರು ಪಕ್ಷದವರಿಂದ ಲಂಚ ತಿಂದು ಬೇಕೆಂದೇ ಮೈಕ್ ತೆರೆದಿಟ್ಟಿದ್ದಾನೆ, ವಿಚಾರಣೆ ಆಗಲಿ ಎಂದರು. ಹೌದು, ಇದು ಕಿಡಿಗೇಡಿತನ ಎಂದು ಹದಿನೇಳು ಒಂದು ಮಾತು ಹೇಳಿದರೆ ಸಾಕಿತ್ತು, ಇವರ ಕೆಲಸ ಹೋಗುತ್ತಿತ್ತು. ಕೆಲಸಕ್ಕಿಂತ ಹೆಚ್ಚಾಗಿ, ಕಳ್ಳ ಎಂಬ ಹೆಸರು ಹೊತ್ತು ಮನೆಗೆ ಬರಬೇಕಾಗುತ್ತಿತ್ತು. ಇವರು ಊಟ ಬಿಟ್ಟರು. ಬೋರ್ಡು ಕೆಟ್ಟಿತ್ತು ಅಂದುಬಿಡಿ ಭಾವ, ಯಾರು ನೋಡಿದ್ದಾರೆ ಎಂದ ತಮ್ಮ. ನಾನೂ ಅದನ್ನೇ ಹೇಳಿದೆ. ಇವರು ಕೂತು ಬರೆದೇ ಬರೆದರು: ಬೋರ್ಡಿನಲ್ಲಿ ದೋಷವಿರಲಿಲ್ಲ, ತಪ್ಪು ನನ್ನ ಬೆರಳಿನದು. ಆ ಕಾಗದ ನೋಡಿ ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ವಿಚಾರಣೆಯ ದಿನ, ಗುರುವಾರ, ನಾನೂ ಜೊತೆಗೆ ಹೋದೆ. ಇವರನ್ನು ಮೊದಲು ಒಳಗೆ ಕರೆದರು. ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಹದಿನೇಳು ಕೂತಿದ್ದರು. ಪೇಪರಿನ ಫೋಟೋದಲ್ಲಿ ನೋಡಿದ್ದೆನಲ್ಲ, ಗುರುತು ಸಿಕ್ಕಿತು. ದಪ್ಪ ಕನ್ನಡಕ, ತೊಡೆಯ ಮೇಲೆ ಒಂದು ಫೈಲು. ನನಗೆ ಎಲ್ಲಿತ್ತೋ ಸಿಟ್ಟು, ಸರ್ರನೆ ಏರಿತು.

"ಅವರು ಮುಚ್ಚಬೇಕಾದ್ದನ್ನ ಮುಚ್ಚಲಿಲ್ಲ, ನೀವು ಆಡಬಾರದ್ದನ್ನ ಆಡಿದ್ರಿ," ಎಂದೆ. "ತಪ್ಪು ಇಬ್ಬರದ್ದು. ಕೆಲಸ ಕಳಕೊಳ್ಳೋದು ಮಾತ್ರ ನಮ್ಮವರು. ಇದ್ಯಾವ ನ್ಯಾಯ?"

ಆಯಮ್ಮ ಕನ್ನಡಕ ತೆಗೆದು ನನ್ನ ಕಡೆ ತಿರುಗಿ, ಹೌದು, ನೀವು ಹೇಳೋದು ಸರಿ ಎಂದರು. ಸರಿ ಎಂದರೆ ನನ್ನ ಬಾಯಿ ನಿಲ್ಲುತ್ತದೆಯೇ? ಗೊತ್ತಿಲ್ಲದ ಜಾಗದ ಬಸ್ಸು ನಿಲ್ಲಿಸಲು ಹೊರಟಿದ್ದು, ಒಂದು ದಿನವೂ ಬಸ್ಸು ಹತ್ತದವರು ಬಸ್ಸಿನ ಬಗ್ಗೆ ಮಾತಾಡಿದ್ದು, ಎಲ್ಲ ಸೇರಿಸಿ ಚೆನ್ನಾಗಿ ಝಾಡಿಸಿದೆ. ಅವರು ಒಂದು ಸಲವೂ ಮಧ್ಯೆ ಬಾಯಿ ಹಾಕಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು, ಎದ್ದು ಹೋದರು.

ಅರ್ಧ ಗಂಟೆಯ ನಂತರ ಇವರು ಹೊರಗೆ ಬಂದರು. ಕೆಲಸ ಉಳಿದಿತ್ತು. ಇನ್ನು ಮುಂದೆ ಎಚ್ಚರದಿಂದಿರಿ ಎಂಬ ಒಂದು ಸಾಲಿನ ಪತ್ರ ಕೊಟ್ಟಿದ್ದರು, ಅಷ್ಟೇ. ಆ ಮಾತು ನನ್ನದೇ, ಮೈಕಿನವರು ಬೇಕೆಂದು ಮಾಡಿದ್ದಲ್ಲ ಎಂದು ಆಯಮ್ಮ ಹೇಳಿದರಂತೆ. ನನಗೆ ಸ್ವರ್ಗಕ್ಕೆ ಮೂರೇ ಗೇಣು. ಮೆಟ್ಟಿಲು ಇಳಿದು ಬಸ್ ಸ್ಟಾಪಿಗೆ ಬರುವವರೆಗೂ ನನ್ನದೇ ಕೊಚ್ಚಿಕೊಳ್ಳುವಿಕೆ. ನಾನು ಆ ಬೆಂಚಿನ ಮೇಲೆ ಬೆವರಿಳಿಸದಿದ್ದರೆ ಆಯಮ್ಮ ನಿಜ ಹೇಳುತ್ತಿದ್ದರೇ, ನಿಮ್ಮ ಕೆಲಸ ಉಳಿಸಿದ್ದು ನನ್ನ ನಾಲಿಗೆ ತಿಳಿದುಕೊಳ್ಳಿ, ಹೀಗೆ.

ಇವರು ಎಲ್ಲ ಕೇಳಿಸಿಕೊಂಡು ಕೊನೆಗೆ ಮೆಲ್ಲಗೆ ಹೇಳಿದರು: "ಅವರು ಅದನ್ನೆಲ್ಲ ಸೋಮವಾರವೇ ಬರೆದು ಕೊಟ್ಟಿದ್ದರು ಕಣೇ. ಒಳಗೆ ಅಧಿಕಾರಿಗಳು ಅದನ್ನೇ ಓದಿದರು. ಅದಕ್ಕೇ ಇವತ್ತು ಬೆಳಿಗ್ಗೆ ಪಕ್ಷದವರು ಅವರನ್ನ ನಗರಸಭೆಯ ಸ್ಥಾಯಿ ಸಮಿತಿಯಿಂದ ತೆಗೆದುಹಾಕಿದ್ದಾರೆ."

ನನ್ನ ನಾಲಿಗೆ ಒಣಗಿತು. ಹಾಗಾದರೆ ಬೆಂಚಿನ ಮೇಲೆ ನಾನು ಬಾಯಿಗೆ ಬಂದದ್ದು ಅನ್ನುತ್ತಿದ್ದಾಗ, ಆಯಮ್ಮ ಮಾಡಬೇಕಾದ್ದನ್ನು ಆಗಲೇ ಮಾಡಿ, ಅದರ ಫಲವನ್ನೂ ಉಂಡು ಕೂತಿದ್ದರು. ಒಂದೇ ಒಂದು ಮಾತು ಹೇಳಿ ನನ್ನ ಬಾಯಿ ಮುಚ್ಚಿಸಬಹುದಿತ್ತು. ಆಯಮ್ಮ ಹೇಳಬಾರದಿತ್ತೇ ಎಂದು ಇವರ ಮೇಲೆಯೇ ರೇಗಿದೆ. ನೀನು ಹೆದರಿಕೊಂಡು ಮಾತಾಡುತ್ತಿದ್ದೀಯ ಅಂತ ಅವರಿಗೆ ಗೊತ್ತಾಗಿರಬೇಕು ಎಂದರು ಇವರು. ನನಗೆ ನಾಚಿಕೆಯಾಯಿತು. ಬದುಕಿರುವ ಒಬ್ಬ ರಾಜಕಾರಣಿಯ ಬಗ್ಗೆ ಜೀವನದಲ್ಲಿ ಮೊದಲ ಸಲ ನನಗೆ ಗೌರವ ಹುಟ್ಟಿತು, ಅದೂ ಹಾಳು ಬಸ್ ಸ್ಟಾಪಿನಲ್ಲಿ.

ಅಷ್ಟರಲ್ಲಿ ಆಯಮ್ಮನೇ ಫೈಲು ಹಿಡಿದು ನಡೆದುಕೊಂಡು ಬಂದರು. ಪಕ್ಷದ ಕಾರು ಅವರನ್ನು ಬಿಟ್ಟು ಹೋಗಿತ್ತು.

"ನಿಮಗೆ ಹಾಗೆಲ್ಲ ಅನ್ನಬಾರದಿತ್ತು," ಎಂದೆ.

"ನೀವು ಅಂದಿದ್ರಲ್ಲಿ ಸುಳ್ಳೇನಿತ್ತು?" ಎಂದರು ಅವರು. ಗುಡ್ಡದ ಬಡಾವಣೆಯ ಬಸ್ಸು ಬಂತು. ಅಲ್ಲಿ ಜನ ಕಾಯುತ್ತಿದ್ದಾರೆ ಎಂದು ಹತ್ತಿದರು. ಕೂರಲು ಜಾಗವಿರಲಿಲ್ಲ, ಕಂಬಿ ಹಿಡಿದು ನಿಂತರು.

ನಮ್ಮ ಮನೆಯ ಕಡೆಗೂ ಅದೇ ಬಸ್ಸು ಹೋಗುತ್ತದೆ. ನನಗೆ ಹತ್ತಲು ಮುಖವಿರಲಿಲ್ಲ. ಇವರೂ ಮುಂದಿನ ಬಸ್ಸಿಗೆ ನನ್ನ ಜೊತೆ ನಲವತ್ತು ನಿಮಿಷ ಕಾದರು.