ನಲವತ್ತು ಗಿಳಿಹಸಿರು ಸೀರೆ

ಆಗ ನನಗೆ ಎಪ್ಪತ್ತೊಂದು. ನಾಲ್ಕು ವರ್ಷದ ಹಿಂದಿನ ಮಾತು. ನಮ್ಮ ಊರಿನಲ್ಲಿ ಗಂಡ ಬದುಕಿರುವ ಹೆಂಗಸರಲ್ಲಿ ನಾನೇ ಹಿರಿಯಳು. ಹಾಗಾಗಿ ಬಸುರಿಯರ ಮಡಿಲು ತುಂಬುವ ಕೆಲಸ ನನ್ನದು. ನಮ್ಮವನು ಕೆಮ್ಮಿಕೊಂಡು ಜಗಲಿಯ ಮೇಲೆ ಕೂತಿರುತ್ತಿದ್ದ. ಅವನಿಂದ ನನಗೆ ಸಿಕ್ಕಿದ್ದು ಅದೊಂದೇ ಮರ್ಯಾದೆ.

ಮೊಮ್ಮಗನ ಹೆಂಡತಿಗೆ ಎರಡು ಸಲ ಬಸಿರು ಇಳಿದುಹೋಗಿತ್ತು. ಮೂರನೆಯದು ಏಳು ತಿಂಗಳಿಗೆ ಬಂದಿತ್ತು. ಮಡಿಲು ಸರಿಯಾಗಿ ತುಂಬಿಸಿಕೊಂಡರೆ ಕೂಸು ನಿಲ್ಲುತ್ತದೆ ಅಂತ ಆ ಹುಡುಗಿ ಗಟ್ಟಿಯಾಗಿ ನಂಬಿದ್ದಳು. ನಾನು ನಂಬಿದ್ದೆನೋ ಇಲ್ಲವೋ ಯಾರೂ ಕೇಳಲಿಲ್ಲ.

ಅವಳ ಫೋನಿನಲ್ಲಿ ಒಬ್ಬ ಹೆಂಗಸು ಬರುತ್ತಿದ್ದಳು. ದಿನಕ್ಕೊಂದು ಸೀರೆ ಉಟ್ಟು, ಗಿರ್ರನೆ ಒಂದು ಸುತ್ತು ತಿರುಗಿ, ನೀವೂ ತಗೊಳ್ಳಿ ಅನ್ನುತ್ತಿದ್ದಳು. ಇವಳಿಗೆ ದಿನಾ ಮದುವೆಯೋ ಏನೋ ಅಂದುಕೊಂಡಿದ್ದೆ. ಅವಳಿಗೆ ಅಂಗಡಿಯವರೇ ಪುಕ್ಕಟೆ ಕೊಡುತ್ತಾರಂತೆ. ನಮಗೆ ಯಾರೂ ಕೊಡಲಿಲ್ಲ. ಆದರೂ ಅವಳು ಉಟ್ಟಿದ್ದನ್ನು ನಮ್ಮವಳೂ ಉಡಬೇಕು. ಉಟ್ಟು ಒಂದು ಫೋಟೋ ಫೋನಿಗೆ ಹಾಕಿದರೆ ಆ ಸೀರೆ ಉಂಡ ಎಲೆ ಇದ್ದ ಹಾಗೆ, ಮತ್ತೆ ಮುಟ್ಟುವಂತಿಲ್ಲ. ಬೀರು ತುಂಬಿದ ಮೇಲೆ ರಾಗಿ ಡ್ರಮ್ಮಿನಲ್ಲಿ ಸೀರೆ ಸೇರಿದವು. ರಾಗಿ ನನ್ನ ಮಂಚದ ಕೆಳಕ್ಕೆ ಬಂತು.

ಸೀಮಂತಕ್ಕೆ ಎರಡು ವಾರ ಇರುವಾಗ ಆ ಹೆಂಗಸು ಬೆಳ್ಳಿ ಅಂಚಿನ ಗಿಳಿಹಸಿರು ಸೀರೆಯಲ್ಲಿ ತಿರುಗಿದಳು. ನಮ್ಮವಳು ರಾಬರ್ಟ್‌ಸನ್‌ಪೇಟೆಗೆ ಹೋಗಿ ಅಂಥದ್ದೇ ತಂದಳು. ಬೀದಿಯ ಹೆಂಗಸರೂ ಅದೇ ಫೋನಿನ ಹೆಂಗಸನ್ನು ನೋಡುವವರೇ. ಒಬ್ಬರಿಗೊಬ್ಬರು ಹೇಳದೆ, ಒಬ್ಬೊಬ್ಬರೇ ಹೋಗಿ ಅದನ್ನೇ ತಂದರು. ನಾನೂ ಒಂದು ತರಿಸಿಕೊಂಡೆ. ಸುಳ್ಳು ಯಾಕೆ.

ಸೀಮಂತದ ದಿನ ಬಂಗಾರಪೇಟೆಯ ಛತ್ರದ ಮುಂದೆ ಬಸ್ಸಿನಿಂದ ನಲವತ್ತು ಗಿಳಿಹಸಿರು ಸೀರೆ ಇಳಿದವು. ಅಡುಗೆಯವನು ನಮ್ಮನ್ನು ಬಡಿಸಲು ಬಂದ ಕೂಲಿಯವರು ಅಂದುಕೊಂಡ.

"ಅಮ್ಮಯ್ಯಾ, ಈರುಳ್ಳಿ ಅಲ್ಲೈತೆ ನೋಡಿ, ಬೇಗ ಕುಯ್ರಿ" ಅಂದ.

ಹುಡುಗಿಯ ಹೆತ್ತ ತಾಯಿ ಎರಡು ಕುಯ್ದ ಮೇಲೆ ಯೋಚನೆ ಮಾಡಿ ಎದ್ದಳು.

ನನ್ನ ಕಣ್ಣಿಗೆ ಪೊರೆ ಬಂದಿತ್ತು. ಜನರನ್ನು ಸೀರೆಯ ಬಣ್ಣದ ಮೇಲೆ ಗುರುತು ಹಿಡಿಯುತ್ತಿದ್ದೆ. ಬಸುರಿಯ ಕುರ್ಚಿಯಲ್ಲಿ ಒಬ್ಬಳು ತಲೆ ಬಗ್ಗಿಸಿ, ಸೆರಗು ಒಡ್ಡಿ ಕೂತಿದ್ದಳು. ಹೊಟ್ಟೆಯೂ ಮುಂದಕ್ಕಿತ್ತು. ಅಕ್ಕಿ, ಕೊಬ್ಬರಿ, ಬೆಲ್ಲ, ಬಳೆ ಎಲ್ಲ ಹಾಕಿ, ಬೇಗ ತೊಟ್ಟಿಲು ತೂಗಲಿ ಅಂತ ಹರಸಿದೆ.

"ಅತ್ತೆ, ನಾನು ಕಣತ್ತೆ" ಅಂತು ಆ ಸೀರೆ.

ನನ್ನ ಸೊಸೆ. ಬಸುರಿಯ ಅತ್ತೆ. ಐವತ್ಮೂರು ವರ್ಷ. ಅದು ಮುದ್ದೆ ತಿಂದು ಬೆಳೆಸಿದ ಹೊಟ್ಟೆ.

"ಎದ್ದೇಳೋಕೇನಾಗಿತ್ತೇ ನಿಂಗೆ?"

"ಫೋಟೋ ಎಂಗೆ ಬತ್ತೈತೆ ನೋಡೋಣ ಅಂತ ಕೂತಿದ್ದೆ. ಫೋಟೋದವನು ಅಲ್ಲಾಡಬ್ಯಾಡಿ ಅಂದ."

"ಬಾಣಂತನ ಯಾರು ಮಾಡ್ತಾರಮ್ಮಿ ಇವಳ್ಗೆ?" ಅಂತ ಹಿಂದಿನಿಂದ ಯಾರೋ ಅಂದರು. ಛತ್ರವೆಲ್ಲ ನಕ್ಕಿತು. ಬಸುರಿ ನಗಲಿಲ್ಲ.

"ನನ್ ಮಡ್ಲು ಅತ್ತೆಗೆ ಓಯ್ತು. ಇದೂ ನಿಲ್ಲಲ್ಲ ಅಜ್ಜಿ" ಅಂತ ಅಳತೊಡಗಿದಳು.

ತುಂಬಿದ ಮಡಿಲಿನಿಂದ ಕಿತ್ತುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ.

"ಅತ್ತಿದ್ದು ಸಾಕು. ಓಗಿ ಆ ಸೀರೆ ಬಿಚ್ಚಾಕಿ ಬಾ, ನೀನು ಯಾರಂತ ನಂಗೆ ಕಾಣ್ಲಿ" ಅಂದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಸುಖವಾಗಿರಲಿ ಅಂತ ಒಂದು ನೈಟಿ ತಂದಿದ್ದಳು. ಅದನ್ನೇ ಹಾಕಿಕೊಂಡು ಬಂದಳು. ನೈಟಿಗೆಲ್ಲಿಯ ಸೆರಗು? ಗಂಡನ ಟವೆಲ್ಲು ಒಡ್ಡಿಸಿ, ಅಡುಗೆಯವನ ಮೂಟೆಯಿಂದ ಅಕ್ಕಿ ತರಿಸಿ ತುಂಬಿದೆ.

"ಇದು ಊಟದ ಅಕ್ಕಿ ಅಜ್ಜಿ. ನಂದು ಅಲ್ಲೈತೆ" ಅಂತ ಅತ್ತೆಯ ಮಡಿಲು ತೋರಿಸಿದಳು. ಮನೆ ಸೇರುವ ತನಕ ಬಸ್ಸಿನಲ್ಲಿ ಅತ್ತೆಯ ಸೆರಗಿನ ಗಂಟನ್ನೇ ನೋಡುತ್ತಿದ್ದಳು.

ಕೂಸು ನಿಂತಿತು, ಈಗ ಮೂರು ದಾಟಿ ಬೀದಿ ಅಳೆಯುತ್ತದೆ. ಆಸ್ಪತ್ರೆಯ ಸೂಜಿಗೆ ನಿಂತಿತೋ ಇನ್ಯಾವುದಕ್ಕೋ, ನನಗೆ ಗೊತ್ತಿಲ್ಲ. ನಿಲ್ಲುತ್ತದೋ ಇಲ್ಲವೋ ಅಂತ ಕಾದು ನೋಡಲು ಆಗ ನನಗೆ ಪುರುಸೊತ್ತಿರಲಿಲ್ಲ. ಸೀಮಂತದ ಮಾರನೆಯ ಬೆಳಗ್ಗೆ ಸೊಸೆಯ ಸೆರಗಿನ ಗಂಟು ಅವಳ ಕೈಯಲ್ಲೇ ಬಿಚ್ಚಿಸಿದೆ. ಅದರಲ್ಲಿದ್ದ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ ಪಾಯಸ ಕಾಯಿಸಿದೆ. ಬಸುರಿಯನ್ನು ಮುಂದೆ ಕೂರಿಸಿ, ಸೊಸೆಯ ಕೈಯಿಂದಲೇ ತಿನ್ನಿಸಿದೆ, ಪಾತ್ರೆಯ ತಳ ಕೆರೆಯುವ ತನಕ.