ಅಮರಪ್ಪನ ಮಗಳು ಮಾತಾಡಾಕತ್ತೇನ್ರಿ

ಬಿಜ್ಜರಗಿಯ ನಂದಾ ವಿಜಯಪುರದಲ್ಲಿ ಬಿ.ಕಾಂ. ಕೊನೆಯ ವರ್ಷಕ್ಕೆ ಬಂದಾಗ ಕಾಲೇಜಿನವರು ಒಂದು ಕಟ್ಟಳೆ ಹೊರಡಿಸಿದರು. ಎಲ್ಲಾದರೂ ಇಂಟರ್ನ್‌ಶಿಪ್ ಮಾಡಿ ಮಾಲೀಕರಿಂದ ಸರ್ಟಿಫಿಕೇಟ್ ತರಬೇಕು, ತರದಿದ್ದರೆ ಡಿಗ್ರಿ ಇಲ್ಲ. ಕೆಲಸ ಹುಡುಕಿಕೊಡುತ್ತೀರಾ ಅಂದರೆ ಅದು ನಿಮ್ಮ ನಿಮ್ಮ ಜವಾಬ್ದಾರಿ ಅಂದರು. ಬಾವಿಗೆ ಇಳಿಸಿ ಹಗ್ಗ ಕೊಯ್ಯುವುದು ಅಂದರೆ ಇದೇ.

ಹಾಗೆಂದು ಏನೂ ಕಲಿಸಲಿಲ್ಲ ಅನ್ನುವಂತಿಲ್ಲ. ಹುಬ್ಬಳ್ಳಿಯಿಂದ ಕೋಟು ಹಾಕಿಕೊಂಡ ಟ್ರೇನರ್ ಒಬ್ಬ ಬಂದು, ಆಫೀಸಿನಲ್ಲಿ ಹೇಗೆ ಮಾತಾಡಬೇಕು ಎಂದು ಪಾಠ ಮಾಡಿ ಹೋದ. ಫೋನಿನಲ್ಲಿ ಮೊದಲು 'ನಮಸ್ಕಾರ, ತಮಗೆ ಹೇಗೆ ನೆರವಾಗಬಹುದು' ಅನ್ನಬೇಕು. ಕಾಕಾ, ಮಾಮಾ, ಯಪ್ಪಾ ಎಂದು ಯಾರನ್ನೂ ಕರೆಯಬಾರದು, ಗಂಡಸರು ಸರ್, ಹೆಂಗಸರು ಮೇಡಂ. ಏನಾದರೂ ಎಡವಟ್ಟಾದರೆ 'ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ' ಅಂದುಬಿಟ್ಟರೆ ಮುಗಿಯಿತು. ನಂದಾ ಅದಷ್ಟನ್ನೂ ತಿಕೋಟಾ ಬಸ್ಸಿನಲ್ಲಿ ಕೂತು ಬಾಯಿಪಾಠ ಮಾಡಿದಳು. ಕುರಿ ಕಾಯುವವನ ಮಗಳಿಗೆ ಆಫೀಸಿನ ಕುರ್ಚಿ ಬೇಕಾಗಿತ್ತು. ಅದರಲ್ಲಿ ತಪ್ಪೇನೂ ಇಲ್ಲ.

ಅವಳಿಗೆ ಕೆಲಸ ಕೊಟ್ಟವರು ಚಂದ್ರಕಾಂತ ಸಾವಕಾರರು. ತಿಕೋಟಾ ರಸ್ತೆಯಲ್ಲಿ ಅವರದೊಂದು ಕೋಲ್ಡ್ ಸ್ಟೋರೇಜ್, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅರಿವೆ ಅಂಗಡಿಯ ಮೇಲೆ ಆಫೀಸು. ದ್ರಾಕ್ಷಿ ಒಣಗಿಸಿ ಮಣೂಕ ಮಾಡಿದ ರೈತರು, ಬೇಸಿಗೆಯ ಧಗೆಗೆ ಹಸಿರು ಬಣ್ಣ ಕೆಡಬಾರದೆಂದು ಬಾಕ್ಸುಗಳನ್ನು ಅಲ್ಲಿನ ತಂಪು ಕೋಣೆಯಲ್ಲಿ ಇಡುತ್ತಾರೆ. ದೀಪಾವಳಿಗೆ ರೇಟು ಏರಿದಾಗ ತೆಗೆದು ಮಾರುತ್ತಾರೆ. ಬಣ್ಣ ಹೋಯಿತೋ, ವರ್ಷದ ದುಡಿಮೆ ಹೋಯಿತು. ಆ ರೈತರಿಗೆ ಫೋನ್ ಮಾಡಿ ಮಾಲು ತರಿಸುವುದು, ಅವರು ಕೇಳಿದ್ದಕ್ಕೆ ಉತ್ತರ ಹೇಳುವುದು ನಂದಾಳ ಕೆಲಸ.

ಮೊದಲ ವಾರ ಅವಳ ಫಜೀತಿ ಹೇಳತೀರದು. 'ನಮಸ್ಕಾರ ಸರ್, ತಮಗೆ' ಅನ್ನುವಷ್ಟರಲ್ಲಿ ಫೋನ್ ಕಟ್. ಸಾಲ ಬೇಕೇ, ಇನ್ಶೂರೆನ್ಸ್ ಬೇಕೇ ಎಂದು ಜೀವ ತಿನ್ನುವ ಕಂಪನಿ ಹುಡುಗಿಯರಲ್ಲಿ ಇವಳೂ ಒಬ್ಬಳು ಎಂದು ಎಲ್ಲರೂ ತಿಳಿದರು. ಕಾಖಂಡಕಿಯ ಮುದುಕನೊಬ್ಬ ಮಾತ್ರ ಮರ್ಯಾದೆಯಿಂದ, "ಏನೂ ಬ್ಯಾಡ್ರಿ ಮೇಡಂ, ನಮ್ಮ ಕಡೆ ಎಲ್ಲಾ ಐತ್ರಿ" ಎಂದು ಹೇಳಿ ಇಟ್ಟ.

ಸಾವಕಾರರು ಕೇಳಿಸಿಕೊಂಡು ನಕ್ಕರು. "ರೇಡಿಯೋ ಹಚ್ಚಿದಂಗ ಏನ್ ಮಾತಾಡಾಕತ್ತಿಬೇ? ಅವ್ರು ನಮ್ಮ ಮಂದಿ. ಮೊದಲ ಯಾವ ಊರು, ಯಾರ ಮಗಳು ಅಂತ ಹೇಳು. ಆಮ್ಯಾಲ ನೋಡು."

ನಂದಾ ಹಾಗೇ ಮಾಡಿದಳು. "ಕಾಕಾ, ನಾ ಬಿಜ್ಜರಗಿ ಅಮರಪ್ಪನ ಮಗಳು ಮಾತಾಡಾಕತ್ತೇನ್ರಿ."

"ಯಾವ ಅಮರಪ್ಪ? ಕುರಿ ಅಮರಪ್ಪನೇನು?"

"ಹೌದ್ರಿ ಕಾಕಾ."

ಅಷ್ಟೇ. ಆಮೇಲೆ ಫೋನ್ ಇಡುವವರೇ ಇಲ್ಲ. ಬಬಲೇಶ್ವರದವರು ಮಳೆಯ ಸುದ್ದಿ ಕೇಳಿದರು, ತಿಕೋಟಾದವರು ಮದುವೆ ಯಾವಾಗ ಎಂದು ಕೇಳಿದರು. ಈ ಸೀಮೆಯಲ್ಲಿ ಯಾರ ಮಗಳು ಎಂದು ತಿಳಿದರೆ ಸಾಕು, ಆ ಮಾತಿಗೆ ಅಪ್ಪನೇ ಜಾಮೀನು. ಕಾಕಾ ಎಂದು ಕರೆದವಳು ಸುಳ್ಳು ಹೇಳುತ್ತಾಳೆಂದು ಯಾರಿಗೂ ಹೊಳೆಯುವುದಿಲ್ಲ. ಕೋಣೆಗಳು ತುಂಬಿದವು. "ಬಾಯಿದ್ದವ ಬರಗಾಲದಾಗ ಬದುಕ್ಯಾನ ಅಂತಾರ. ನಿನಗ ಸರ್ಟಿಫಿಕೇಟ್ ಏನು, ಕಾಯಂ ಕೆಲಸಾನ ಕೊಡ್ತೀನಿ" ಅಂದರು ಸಾವಕಾರರು. ನಂದಾ ಹಿಗ್ಗಿದಳು.

ಅವಳ ಮಾತು ನಂಬಿ ಬಂದವರಲ್ಲಿ ಅಮಸಿದ್ದ ಕಾಕಾನೂ ಒಬ್ಬ. ಅಮರಪ್ಪನ ಹೊಲಕ್ಕೂ ಅವನ ಹೊಲಕ್ಕೂ ನಡುವೆ ಒಂದೇ ಬದು. ಕುರಿ ಮಾರಿ ದ್ರಾಕ್ಷಿ ಹಚ್ಚಿದ ಮನುಷ್ಯ, ನಂದಾಳನ್ನು ಸೈಕಲ್ಲಿನ ಮುಂದಿನ ದಂಡದ ಮೇಲೆ ಕೂಡಿಸಿಕೊಂಡು ಶಾಲೆಗೆ ಬಿಟ್ಟವನು. ಪ್ರತಿ ವರ್ಷ ಬೇರೆ ಕಡೆ ಮಾಲು ಇಡುತ್ತಿದ್ದವನು ಈ ಸಲ, "ನಮ್ಮ ಹುಡುಗಿ ಅಲ್ಲೈತಿ" ಎಂದು ಇಲ್ಲಿಗೇ ತಂದ.

ವೈಶಾಖದ ನಡು ಬಿಸಿಲಿನಲ್ಲಿ ತಂಪು ಮಾಡುವ ಯಂತ್ರ ಕೆಟ್ಟು ನಿಂತಿತು. ಅದರ ಸಾಮಾನು ಪುಣೆಯಿಂದ ಬರಬೇಕು. ಇಂದು ಬರುತ್ತದೆ, ನಾಳೆ ಬರುತ್ತದೆ ಅನ್ನುತ್ತ ದಿನ ದೂಡಿದರು. ಸುದ್ದಿ ಹೊರಗೆ ಬಿದ್ದರೆ ಎಲ್ಲರೂ ಟ್ರ್ಯಾಕ್ಟರ್ ತಂದು ಮಾಲು ಒಯ್ದುಬಿಡುತ್ತಾರೆ, ಮುಂದಿನ ವರ್ಷ ಒಬ್ಬನೂ ಇತ್ತ ಹಾಯುವುದಿಲ್ಲ ಎಂಬುದು ಸಾವಕಾರರ ಹೆದರಿಕೆ. ಯಾರು ಕೇಳಿದರೂ ಎಲ್ಲಾ ಬರೋಬರಿ ಇದೆ ಅನ್ನಬೇಕೆಂದು ನಂದಾಳಿಗೆ ತಾಕೀತು ಮಾಡಿದರು. ಅವಳು ತಲೆಯಾಡಿಸಿದಳು. ಸರ್ಟಿಫಿಕೇಟಿಗೆ ಇನ್ನೂ ಸಹಿ ಆಗಿರಲಿಲ್ಲ.

ಮೊದಲು ಫೋನ್ ಮಾಡಿದವನೇ ಅಮಸಿದ್ದ. "ಯವ್ವಾ, ಮಷಿನ್ ನಿಂತೈತಿ ಅಂತ ಹಮಾಲ ಮಂದಿ ಮಾತಾಡಾಕತ್ತಾರ. ಟ್ರ್ಯಾಕ್ಟರ್ ಹೇಳೇನಿ, ಮಾಲು ಹಳೇ ಕಡೆ ಒಯ್ಲೇನು?"

ಸಾವಕಾರರು ಮೇಜಿನ ಆಚೆ ನಿಂತು ನೋಡುತ್ತಿದ್ದರು.

"ಏನೂ ಆಗಿಲ್ರಿ ಕಾಕಾ, ಎಲ್ಲಾ ಬರೋಬರಿ ಐತಿ" ಅಂದಳು ನಂದಾ. ಅಲ್ಲಿಗೆ ನಿಲ್ಲಿಸಬಹುದಿತ್ತು. ಅವಳೇ ಒಂದು ಮಾತು ಸೇರಿಸಿದಳು. "ನಾ ಅದೀನಲ್ರಿ ಇಲ್ಲಿ."

"ಹಂಗಾದ್ರ ಬಿಡವಾ" ಅಂದ ಅಮಸಿದ್ದ. ಟ್ರ್ಯಾಕ್ಟರ್ ಬೇಡವೆಂದು ಕಳಿಸಿಬಿಟ್ಟ.

ಯಂತ್ರ ಮತ್ತೆ ತಿರುಗುವಷ್ಟರಲ್ಲಿ ಮಣೂಕ ಬೆವರಿ, ಅಂಟಾಗಿ, ಕಪ್ಪಿಗೆ ತಿರುಗಿತ್ತು. ರೈತರು ಆಫೀಸಿನ ಮೆಟ್ಟಿಲು ತುಂಬಿಕೊಂಡರು. ಸಾವಕಾರರು ಗಾಜಿನ ಬಾಗಿಲಿನ ಆಚೆ ಕೂತು, "ಯಂತ್ರ ಅಂದಮ್ಯಾಲ ಕೆಡೂದ ಅಲ್ಲೇನ್ರಿ" ಎಂದು ಒಂದೇ ಸಮನೆ ಹೇಳುತ್ತಿದ್ದರು. ಅಮಸಿದ್ದ ಅವರ ಬಳಿ ಹೋಗಲೇ ಇಲ್ಲ. ನಂದಾಳ ಮೇಜಿನ ಮುಂದೆ ನಿಂತು, ಟವೆಲ್ಲಿನ ಚುಂಗಿನಿಂದ ಒಂದು ಹಿಡಿ ಕಪ್ಪು ಮಣೂಕ ತೆಗೆದು ಅವಳೆದುರು ಇಟ್ಟ.

"ನಾ ಟ್ರ್ಯಾಕ್ಟರ್ ತರ್ತೀನಿ ಅಂದಾಗ, ಮಷಿನ್ ನಿಂತದ್ದು ನಿನಗ ಗೊತ್ತಿತ್ತೇನ ಯವ್ವಾ?"

ಕೇಳಿದ್ದು ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಅವಳು ಅತ್ತಾದರೂ ಬಿಡುತ್ತಿದ್ದಳು. ಕಾಕಾ ಎಂಬ ಮಾತು ಗಂಟಲವರೆಗೆ ಬಂತು. ಗಾಜಿನ ಆಚೆಯಿಂದ ಸಾವಕಾರರ ಕಣ್ಣು ಅವಳ ಮೇಲೇ ಇತ್ತು. ಬಾಯಿಂದ ಬಂದದ್ದು ಬೇರೆ.

"ಕ್ಷಮಿಸಿ ಸರ್. ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ."

ಅಮಸಿದ್ದ ಹಿಂದೆ ತಿರುಗಿ ನೋಡಿದ, ಸರ್ ಎಂಬುವವರು ಯಾರೋ ಬಂದು ನಿಂತಿದ್ದಾರೇನೋ ಎಂದು. ಯಾರೂ ಇರಲಿಲ್ಲ. ತನಗೇ ಅಂದದ್ದು ಎಂದು ತಿಳಿದ ಮೇಲೆ ಮಣೂಕವನ್ನು ಒಂದೊಂದಾಗಿ ಆರಿಸಿ ಟವೆಲ್ಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದ.

ಸರ್ಟಿಫಿಕೇಟ್ ಸಿಕ್ಕಿತು. 'ರೈತರೊಂದಿಗೆ ಇವರ ಸಂವಹನ ಅತ್ಯುತ್ತಮ' ಎಂದು ಬರೆದಿದ್ದರು. ಕಾಲೇಜಿನಲ್ಲಿ ಚಪ್ಪಾಳೆ ತಟ್ಟಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಅನ್ನುತ್ತಾರೆ. ಇವಳಿಗೆ ಆನೆ ಎಲ್ಲಿಂದ ಬರಬೇಕು, ಬಂದದ್ದು ಒಂದು ಹಾಳೆ. ಕಾಯಂ ಕೆಲಸದ ಮಾತನ್ನು ಸಾವಕಾರರು ಎತ್ತಲಿಲ್ಲ. ರೈತರೇ ಫೋನ್ ಎತ್ತದ ಮೇಲೆ ಇವಳನ್ನು ಇಟ್ಟುಕೊಂಡು ಅವರೇನು ಮಾಡಬೇಕು?

ಹಾಳೆ ತಗೊಂಡು ನಂದಾ ಊರಿಗೆ ಬಂದಳು. ಅಮರಪ್ಪ ಅದನ್ನು ಕೈಯಲ್ಲಿ ಹಿಡಿಯಲಿಲ್ಲ. ಹೊಲದ ಗುಡಿಸಲ ಮುಂದೆ ಕೂತು ಕುರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದ.

"ಫೋನಿನ್ಯಾಗ ನನ್ನ ಹೆಸರ ಹೇಳ್ತಿದ್ದಿಯಂತಲ್ಲ?"

"ಹೌದಪ್ಪಾ."

"ಅಮಸಿದ್ದ ನನ್ನ ಕೂಡ ಮಾತು ಬಿಟ್ಟಾನ. ಬದುವಿನ ಮ್ಯಾಲ ಎದುರಾದ್ರ ಮಾರಿ ತಿರುವ್ತಾನ. ನೀ ಕೆಡಿಸಿದ್ದು, ನೀನ ಮಾತಾಡು."

ಬದು ದಾಟಿದರೆ ಅಮಸಿದ್ದನ ತೋಟ. ಅವನು ಬಳ್ಳಿ ಕತ್ತರಿಸುತ್ತ ನಿಂತದ್ದು ಇಲ್ಲಿಗೇ ಕಾಣುತ್ತಿತ್ತು. ನಂದಾ ಬದು ದಾಟಲಿಲ್ಲ. ಕೂಗಿದರೆ ಕೇಳುವಷ್ಟು ದೂರದ ಮನುಷ್ಯನಿಗೆ ಫೋನ್ ಹಚ್ಚಿದಳು. ಅವನು ಕತ್ತರಿ ಕೆಳಗಿಟ್ಟು, ಅಂಗಿಯ ಕಿಸೆಯಿಂದ ಫೋನ್ ತೆಗೆದು ಕಿವಿಗಿಟ್ಟ.

"ಕಾಕಾ, ನಾ ಅಮರಪ್ಪನ ಮಗಳು ಮಾತಾಡಾಕತ್ತೇನ್ರಿ."

ಅಮಸಿದ್ದ ತಲೆಯೆತ್ತಿ ಬದುವಿನ ಈಚೆ ನೋಡಿದ. ಅವಳು ಕಂಡಳು. ಆಮೇಲೆ ಫೋನಿನಲ್ಲಿ ಬಹಳ ಮರ್ಯಾದೆಯಿಂದ ಹೇಳಿದ.

"ಏನೂ ಬ್ಯಾಡ್ರಿ ಮೇಡಂ, ನಮ್ಮ ಕಡೆ ಎಲ್ಲಾ ಐತ್ರಿ."

ಫೋನ್ ಕಿಸೆಗೆ ಹಾಕಿಕೊಂಡು, ಕತ್ತರಿ ಎತ್ತಿ ಮುಂದಿನ ಬಳ್ಳಿಗೆ ಹೋದ.